ಇರುವೆ ಮುಟ್ಟದ ಸಕ್ಕರೆ

ಬರಣಿಯ ಬಾಯಿ ತೆರೆದೇ ಇತ್ತು. ಮೇಜಿನ ಮೇಲೆ, ಗೋಡೆಯ ಬಿರುಕಿನಲ್ಲಿ, ಕಿಟಕಿಯ ಚೌಕಟ್ಟಿನಲ್ಲಿ ಎಲ್ಲಿ ಹುಡುಕಿದರೂ ಒಂದೂ ಇರುವೆ ಇರಲಿಲ್ಲ.

"ಹನ್ನೊಂದ ದಿನಾ ಆತ್ರಿ ಸಾಹೇಬ್ರ," ಎಂದಳು ಮನಿಷಾ. "ನೀವು ಪಂಚನಾಮಿ ಮಾಡಿ ಬೀಗಾ ಹಾಕಿದ ದಿನದಿಂದ ಈ ಸಕ್ಕರಿ ಬರಣಿ ಹಿಂಗ ಬಾಯಿ ತಕ್ಕೊಂಡ ಕುಂತೈತಿ, ದಿನಾ ಕಿಡಕ್ಯಾಗಿಂದ ನೋಡಾಕತ್ತೀನಿ. ನಮ್ಮ ಕರೋಶಿ ಇರುವಿ ನಿಮಗ ಗೊತ್ತಿಲ್ಲ. ಚಹಾದ ಕಪ್ಪ ತೊಳಿಯೂದು ಅರ್ಧಾ ತಾಸ ತಡಾ ಆದ್ರ ಸಾಲ ಹಚ್ಚಿ ಬರ್ತಾವ. ಇದಕ್ಯಾಕ ಬರವಲ್ವು?"

ಪಿ.ಎಸ್.ಐ. ಮಾಳೇಶ ಬರಣಿಯೊಳಗೆ ಬಗ್ಗಿ ನೋಡಿದ. ಇವತ್ತು ಬೆಳಿಗ್ಗೆಯ ತನಕ ಈ ಪ್ರಕರಣದಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ: ಎಲೆಯೇ ಸಕ್ಕರೆಗಿಂತ ಸಿಹಿಯಾದ ಸ್ಟೀವಿಯಾ ಗಿಡದ ಬೀಜ ಬೆಳೆಸುವ ಬಾಪುಸಾಹೇಬರ ತೋಟದಲ್ಲಿ, ಕೆಲಸದ ಹೆಂಗಸು ಅಕ್ಕುತಾಯಿ ಸಿಟ್ಟಿನಿಂದ ಫ್ರಿಜ್ಜಿನ ಪ್ಲಗ್ಗು ಕಿತ್ತು, ಸೀಸೆಗಳಲ್ಲಿದ್ದ ಪರಾಗವನ್ನೆಲ್ಲ ಕೊಂದಿದ್ದಳು. ಮುಗಿಯಿತು. ಚಾರ್ಜ್‌ಶೀಟು ಟೈಪಾಗಿ ಜೀಪಿನಲ್ಲಿತ್ತು. ಇವತ್ತು ಸಂಜೆಯೊಳಗೆ ಅವನ ಸಹಿ ಬಿದ್ದರೆ ಆಯಿತು, ಅಕ್ಕುತಾಯಿಯ ಹೆಸರು ಕೋರ್ಟಿನ ಕಾಗದಕ್ಕೆ ಏರುತ್ತಿತ್ತು.

"ನೆಕ್ಕಿ ನೋಡ್ರಿ," ಎಂದಳು ಮನಿಷಾ.

ಸಕ್ಕರೆ ಎಂದರೆ ಮಾಳೇಶನ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಯಾಕೆಂಬುದು ಅವನಿಗೆ ಗೊತ್ತು, ಅವನ ಡಾಕ್ಟರಿಗೆ ಗೊತ್ತು, ಮತ್ತೊಬ್ಬರಿಗೆ ಗೊತ್ತು. ಆ ಮಾತು ಆಮೇಲೆ. ಈಗಂತೂ ಅವನು ಬೆರಳ ತುದಿಗೆ ಪುಡಿ ಹಚ್ಚಿಕೊಂಡು ನಾಲಿಗೆಗೆ ಇಟ್ಟ.

ಸಿಹಿ. ಹಿಂದೆಯೇ ಇನ್ನೂ ಸಿಹಿ. ಅದು ಗಂಟಲಿಗೆ ಇಳಿಯುವಷ್ಟರಲ್ಲಿ ನಾಲಿಗೆಯ ಬುಡದಲ್ಲಿ ಜ್ಯೇಷ್ಠಮಧು ಅಗಿದಂಥ ಕಹಿ. ಈ ರುಚಿ ಅವನಿಗೆ ಹೊಸದಲ್ಲ. ಎಲ್ಲಿ ನೆಕ್ಕಿದ್ದೆ ಎಂದು ನೆನಪಾಗಲಿಲ್ಲ.

"ಇದು ಸಕ್ಕರಿ ಅಲ್ಲ," ಎಂದ.

"ಸ್ಟೀವಿಯಾ ಪುಡಿ ಐತ್ರಿ. ಪರಾಗ ಪರೀಕ್ಷಾಕ್ಕ ಸಕ್ಕರಿ ನೀರ ಬೇಕು. ಲಗೂನ ಕರಗ್ಲಿ ಅಂತ ಸಕ್ಕರಿ ಮಿಕ್ಸರಿಗೆ ಹಾಕಿ ಪುಡಿ ಮಾಡಿ ಈ ಬರಣ್ಯಾಗ ಇಡ್ತೇವಿ. ನೋಡಾಕ ಎರಡೂ ಒಂದ ಥರಾ. ನನಗೂ ಗುರ್ತ ಸಿಗಲಿಲ್ಲ."

ಮನಿಷಾ ಧಾರವಾಡದಲ್ಲಿ ಕೃಷಿ ಓದಿ ಬಂದವಳು. ಈ ತೋಟದ ಪುಟ್ಟ ಪ್ರಯೋಗಾಲಯ ನೋಡಿಕೊಳ್ಳುವವಳು ಅವಳೇ. ಬೆಳಿಗ್ಗೆ ಎಂಟಕ್ಕೆ ಅವನನ್ನು ಕರೆಸಿ, ಅವನ ಕಣ್ಣೆದುರೇ ಫ್ರಿಜ್ಜಿನಲ್ಲಿದ್ದ ಒಂದು ಸೀಸೆಯ ಅರಗಿನ ಮುದ್ರೆ ಒಡೆಸಿ, ಗಾಜಿನ ಪಟ್ಟಿಗಳ ಮೇಲೆ ಎರಡು ಹನಿ ಇಟ್ಟು, ಅವುಗಳಿಗೆ ಪರಾಗ ಉದುರಿಸಿ ಕಾಯಲು ಹೇಳಿದ್ದಳು. ಈಗ ಹತ್ತೂವರೆ.

"ಎಡಗಡಿದು ಮೊದಲ ನೋಡ್ರಿ. ಇದು ಖರೇ ಸಕ್ಕರಿ ನೀರು. ನಮ್ಮ ಮನ್ಯಾಗಿಂದ ತಂದಿದ್ನಿ."

ಮಾಳೇಶ ಸೂಕ್ಷ್ಮದರ್ಶಕಕ್ಕೆ ಕಣ್ಣು ಇಟ್ಟ. ದುಂಡನೆಯ, ಮೈತುಂಬ ಮುಳ್ಳಿರುವ ಕಾಳುಗಳು. ಬಹುಪಾಲು ಕಾಳುಗಳಿಂದ ತೆಳ್ಳನೆಯ ಬಾಲ ಹೊರಟಿತ್ತು. ನೆನೆಸಿಟ್ಟ ಹೆಸರುಕಾಳು ಮೊಳಕೆ ಬಿಟ್ಟ ಹಾಗೆ.

"ನೂರಕ್ಕ ಅರವತ್ತ ಮೊಳಕಿ ಬಿಟ್ಟಾವ್ರಿ. ಇದು ನೀವ ಮುದ್ರಿ ಹಾಕಿದ ಪರಾಗ. ಸತ್ತೈತಿ ಅಂತ ನಾನ ಬರಕೊಟ್ಟದ್ದು."

"ಮತ್ತ ಬಲಗಡಿದು?"

"ಅದು ಬರಣಿ ಪುಡಿ ಕರಗಿಸಿದ ನೀರು."

ಬಲಗಡೆಯ ಹನಿಯಲ್ಲಿ ಒಂದೂ ಬಾಲವಿರಲಿಲ್ಲ. ಕಾಳುಗಳೆಲ್ಲ ಒಡೆದು, ಒಳಗಿನದು ಹೊರಗೆ ಚೆಲ್ಲಿತ್ತು.

"ಸತ್ತ ಪರಾಗ ಸುಕ್ಕಾಗಿ ಸುಮ್ನ ಬಿದ್ದಿರ್ತೈತ್ರಿ. ಹಿಂಗ ಒಡಿಯೂದು ಜೀವ ಇದ್ದದ್ದ. ಬರೇ ನೀರಾಗ ಹಾಕಿದ್ರ ಕುಡದ ಕುಡದ ಹೊಟ್ಟಿ ಒಡಕೊಂತೈತಿ. ನೀರಾಗ ಸಕ್ಕರಿ ಇದ್ರ ಹದವಾಗಿ ಕುಡದು ಮೊಳಕಿ ಬಿಡತೈತಿ. ಸ್ಟೀವಿಯಾ ನಮ್ಮ ನಾಲಿಗಿಗಷ್ಟ ಸಿಹಿ ಸಾಹೇಬ್ರ. ಪರಾಗಕ್ಕ ಅದು ನೀರಿದ್ದಂಗ."

ತನ್ನದೇ ಎಲೆಯ ಸಿಹಿ ತನ್ನದೇ ಪರಾಗಕ್ಕೆ ಅನ್ನವಾಗಲಿಲ್ಲ ಎಂದರೆ ಯಾರು ನಂಬುತ್ತಾರೆ ಹೇಳಿ! ಮಾಳೇಶ ನಂಬಲೇಬೇಕಾಯಿತು. ಕಣ್ಣ ಮುಂದೆಯೇ ಇತ್ತಲ್ಲ.

"ಪರೀಕ್ಷಾ ಮಾಡಿದ ದಿನಾ ಬಾಪುಸಾಹೇಬ್ರು ನನ್ನ ಹಿಂದನ ನಿಂತಿದ್ರು," ಎಂದಳು ಮನಿಷಾ. ಅವಳ ದನಿ ಸಣ್ಣದಾಗಿತ್ತು. "ಗಡಬಡಿ ಮಾಡಿದ್ರು. ಬಣ್ಣಾ ಹಾಕಿ ನೋಡಿದ್ರ ಜೀವಂತ ಕಾಳು ಕೆಂಪಗ ಆಗ್ತಾವು, ಐದ ಮಿನಿಟಿನ ಕೆಲಸ. ಬಣ್ಣದ ಬಾಟ್ಲಿ ಹಿಂದಿನ ದಿನಾನ ಚಿಕ್ಕೋಡಿಗೆ ಹೋಗಿ ತಂದಿಟ್ಟಿದ್ನಿ. ತಗೀಲಿಲ್ಲ. ಒಡದದ್ದ ಕಂಡಕೂಡ್ಲೆ ಸತ್ತಾವು ಅಂದ್ಬಿಟ್ನಿ. ನನ್ನ ಚೂಕಿನಿಂದ ಆ ಹೆಣ್ಮಗಳು..." ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು.

ನಿನ್ನ ಚೂಕು ದೊಡ್ಡದೇನಲ್ಲ ತಂಗಿ ಎಂದು ಹೇಳಬೇಕೆಂದು ಮಾಳೇಶನಿಗೆ ಅನ್ನಿಸಿತು. ನೀನು ಒಂದು ಕಾಗದದ ಮೇಲೆ ತಪ್ಪು ಬರೆದೆ, ನಾನು ಏನು ಮಾಡಿದೆ?

ಅವನು ಮಾಡಿದ್ದನ್ನು ಕರೋಶಿ ಊರೆಲ್ಲ ನೋಡಿದೆ. ಜೀಪು ತೋಟದ ಬಾಗಿಲಲ್ಲೇ ನಿಂತಿತ್ತು. ಆದರೂ ಅಕ್ಕುತಾಯಿಯನ್ನು ಹತ್ತಿಸಲಿಲ್ಲ. "ಮಂದಿಗೆ ಧಾಕ ಕಾಣ್ಬೇಕ್ರಿ, ಅಂಜಬೇಕು," ಎಂದು ಬಾಪುಸಾಹೇಬರು ಕಿವಿಯಲ್ಲಿ ಹೇಳಿದ್ದೇ ತಡ, ಈ ಮಹಾಶಯ ಐವತ್ತು ದಾಟಿದ ಹೆಂಗಸನ್ನು ಮುಂದೆ ಬಿಟ್ಟುಕೊಂಡು, ಜೀಪನ್ನು ಹಿಂದೆ ನಿಧಾನಕ್ಕೆ ಓಡಿಸಿಕೊಂಡು, ಬಸ್‌ಸ್ಟ್ಯಾಂಡಿನ ತನಕ ನಡೆಸಿದ. ಅವಳ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ತೋಟದ ಕೆಲಸದಿಂದ ಎದ್ದು ಬಂದಿದ್ದಳು. ಯಾರೋ ಮೊಬೈಲಿನಲ್ಲಿ ಹಿಡಿದರು. ಆ ವಿಡಿಯೋ ಸಂಜೆಯೊಳಗೆ ನಿಪ್ಪಾಣಿ, ರಾಯಬಾಗ ಮುಟ್ಟಿತು. ಮರುದಿನ ಜಾಮೀನಿನ ಮೇಲೆ ಬಿಟ್ಟನೇನೋ ಖರೆ. ಆದರೆ ಅವತ್ತಿನಿಂದ ಅವಳನ್ನು ಒಬ್ಬರೂ ಕೂಲಿಗೆ ಕರೆದಿಲ್ಲ.

"ಬರಣ್ಯಾಗ ಈ ಪುಡಿ ಹಾಕಿದವ್ರು ಯಾರು?" ಎಂದು ಕೇಳಿದ.

"ಸಕ್ಕರಿ ಪುಡಿ ಮಾಡಿ ತುಂಬೂದು ಅಕ್ಕುತಾಯಿ ಕೆಲಸ್ರಿ. ಹಿಂದಿನ ದಿನಾ ಮುಂಜಾನೆ ತಳಕ್ಕ ನಾಕೈದ ಚಮಚಾ ಇತ್ತು. ಮರುದಿನಾ ನೋಡಿದ್ರ ಅರ್ಧಾ ತುಂಬಿತ್ತು. ಆಕೀನ ತುಂಬ್ಯಾಳ ಅಂದ್ಕೊಂಡ್ನಿ."

"ಈ ಪುಡಿ ನೀವ ಇಲ್ಲೇ ಮಾಡ್ತೀರೇನು?"

"ಇಲ್ರಿ. ನಮ್ಮಲ್ಲಿ ಎಲಿ ಒಣಗಿಸಿ ಬೀಸೂದಷ್ಟ. ಅದು ಹಸರ ಇರ್ತೈತಿ. ಇಷ್ಟ ಬೆಳ್ಳಗಿಂದು ಫ್ಯಾಕ್ಟರಿದು. ನಮ್ಮ ತ್ವಾಟದಾಗ ಒಂದ ಚಿಟಿಕಿ ಸೈತ ಇಲ್ಲ."

ಅದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವನ ತಲೆ ಆಗಲೇ ಬೇರೆಡೆಗೆ ಓಡಿತ್ತು.

"ಸಕ್ಕರಿ ಇಲ್ದಿದ್ರ ಪರಾಗ ಒಡೀತೈತಿ ಅನ್ನೂದು ಯಾರ್ಯಾರಿಗೆ ಗೊತ್ತಿತ್ತು?"

"ಕೇಳಿದವ್ರಿಗೆಲ್ಲಾ ಹೇಳ್ತೀನ್ರಿ. ಹಿಂದಿನ ದಿನಾನೂ ಯಾರೋ ಹಿರ್ಯಾರು ಭಾಳ ಆಸ್ಥಾದಿಂದ ಕೇಳಿದ್ರು. ಸಕ್ಕರಿ ಬದ್ಲಿ ಬ್ಯಾರೆ ಸಿಹಿ ಹಾಕಿದ್ರ ನಡಿತೈತೇನು ಅಂತ. ಇಲ್ಲ ಅಂತ ಬಿಡಿಸಿ ಹೇಳಿ, ಹನ್ನೊಂದರ ಬಸ್ಸಿಗೆ ಚಿಕ್ಕೋಡಿಗೆ ಹೋದ್ನಿ. ದಿನಾ ಹತ್ತ ಮಂದಿ ರೈತರು ಬರ್ತಾರ, ಹೆಸರ ಯಾರ ಕೇಳ್ತಾರ್ರಿ?"

ಹೊರಗೆ ಬಂದು ಜೀಪು ಹತ್ತಿದ. ಡ್ರೈವರ್ ರಜೆಯಲ್ಲಿದ್ದ. ಮುಂದಿನ ಗೂಡು ತೆರೆದು ಫೈಲು ಎಳೆದುಕೊಂಡ. ಗೂಡಿನಲ್ಲಿ ಟಾರ್ಚು, ಹಳೆಯ ಕೈಗವಸು, ಅಕ್ಕನ ಗಂಡ ಹಾಲಸಿದ್ದ ಮಾಮಾ ಕೊಟ್ಟ ಪಥ್ಯದ ಡಬ್ಬಿ, ಎಲ್ಲ ಇದ್ದಲ್ಲೇ ಇದ್ದವು. ಆ ಡಬ್ಬಿಯ ಮುಚ್ಚಳ ಅವನು ಇಲ್ಲಿಯವರೆಗೆ ತೆರೆದಿರಲಿಲ್ಲ.

ಅಕ್ಕುತಾಯಿಯ ಹೇಳಿಕೆ ಒಂದೇ ಪುಟ. ಅವಳು ಹೇಳಿದ್ದು ಎರಡೇ ಸಾಲು.

'ಪ್ಲಗ್ಗು ನಾನೇ ತೆಗೆದೆ. ಚಹಾ ಕಾಸಲು ತೆಗೆದೆ, ಹತ್ತು ನಿಮಿಷಕ್ಕೆ ತಿರುಗಿ ಹಚ್ಚಿದೆ.'

ಕೆಳಗೆ ಅವಳ ಹೆಬ್ಬೆಟ್ಟು. ತನಿಖಾಧಿಕಾರಿಯ ಪ್ರಶ್ನೆಗಳಿಗೆಂದು ಬಿಟ್ಟ ಜಾಗ ಖಾಲಿ. ಯಾರ ಚಹಾ? ಹೇಳಿಕೆ ಬರೆದುಕೊಂಡ ಪುಣ್ಯಾತ್ಮ ಅದನ್ನು ಕೇಳಿಯೇ ಇರಲಿಲ್ಲ.

ಮಾಳೇಶ ಆ ಕಾಗದ ಹಿಡಿದುಕೊಂಡು ಕುಳಿತ. ಅವನ ಕಿವಿಯ ತುದಿ ಬೆಚ್ಚಗಾಗತೊಡಗಿತು. ಆಮೇಲೆ ಮುಖ, ಕುತ್ತಿಗೆ, ಅಂಗಿಯ ಒಳಗಿನ ಬೆನ್ನು. ನವೆಂಬರಿನ ತಂಪು ಗಾಳಿ ಬೀಸುತ್ತಿದ್ದರೂ ಮೈಯೆಲ್ಲ ಬೆವರಿತು. ಯಾಕೆಂದರೆ ಅದು ಯಾರ ಚಹಾ ಎಂದು ಈಗ ಅವನಿಗೆ ಚೆನ್ನಾಗಿ ನೆನಪಾಗಿತ್ತು.

ಪರಾಗ ಪರೀಕ್ಷೆಯ ಹಿಂದಿನ ದಿನ. ತೋಟದ ನೀರಿನ ಕೊಳವೆ ಯಾರೋ ಕೊಯ್ದಿದ್ದಾರೆಂದು ದೂರು ಬಂದಿತ್ತು. ಜೀಪಿನಲ್ಲಿ ಇಬ್ಬರು ಪೇದೆಗಳು, ಜತೆಗೆ ಹಾಲಸಿದ್ದ ಮಾಮಾ. ಮಾಮಾನದು ಮುಗಳಖೋಡದಲ್ಲಿ ಸಸಿಮನೆ. ಸ್ಟೀವಿಯಾ ಬೀಜ ಸುಲಭಕ್ಕೆ ಕಟ್ಟುವುದಿಲ್ಲ, ಕಟ್ಟಿದರೂ ಹೆಚ್ಚಿನದು ಜೊಳ್ಳು. ಹಾಗಾಗಿ ರಾಯಬಾಗ, ಅಥಣಿ, ಕಾಗವಾಡದ ತನಕ ಯಾರು ನೆಟ್ಟರೂ ಮಾಮಾನ ಹತ್ತಿರ ಕಡ್ಡಿ ನೆಟ್ಟು ಬೆಳೆಸಿದ ಕಡ್ಡಿಸಸಿ ಒಯ್ಯಬೇಕು. "ಬೀಜದಿಂದ ಬೆಳೀತಾರಂತಲ್ಲೋ, ನಾನೂ ನೋಡ್ತೀನಿ ಬಾ," ಎಂದು ಹತ್ತಿಕೊಂಡಿದ್ದ.

ಹತ್ತಕ್ಕೆ ತೋಟಕ್ಕೆ ಬಂದವರು ಕೊಳವೆ ನೋಡಿ ಬರುವಷ್ಟರಲ್ಲಿ ಹನ್ನೆರಡಾಗಿತ್ತು. ಅಕ್ಕುತಾಯಿ ಚಹಾ ತಂದಳು. ತೋಟದ ಪದ್ಧತಿಯಂತೆ ಅದರಲ್ಲಿ ಸಕ್ಕರೆ ಇರಲಿಲ್ಲ, ಸ್ಟೀವಿಯಾ ಎಲೆ ಹಾಕಿ ಕುದಿಸಿದ್ದಳು, ಹಾಗೆಂದು ಹೇಳಿಯೇ ಕೊಟ್ಟಳು. ನೋಡಿ, ಈ ಸೀಮೆಯಲ್ಲಿ ಬಂದವರಿಗೆ ಚಹಾ ಕೊಟ್ಟರೆ ಸಕ್ಕರೆ ತುಟಿಗೆ ಅಂಟುವಷ್ಟಿರಬೇಕು. ಸಕ್ಕರೆ ಇಲ್ಲದ ಕಪ್ಪು ಕೊಡುವುದು ರೋಗಿಗೆ. ಮಾಳೇಶ ಆ ಕಪ್ಪು ಹಿಡಿದು ಸುತ್ತಲಿನವರ ಮುಖ ನೋಡಿದ. ನನಗೆ ಸಕ್ಕರೆ ರೋಗ ಇರುವುದು ಇವರಿಗೆ ಗೊತ್ತಾಗಿದೆಯೇ? ಮೂವತ್ತೆಂಟನೇ ವಯಸ್ಸಿಗೇ ಬಂದ ಆ ರೋಗವನ್ನು ಅವನು ಹೆಂಡತಿ ಭಾಗ್ಯಾಳಿಗೂ ಹೇಳಿರಲಿಲ್ಲ. ಡಾಕ್ಟರು ಬಿಟ್ಟರೆ ಗೊತ್ತಿದ್ದದ್ದು ಹಾಲಸಿದ್ದ ಮಾಮಾನಿಗೆ ಮಾತ್ರ. ಮರೆಮಾಚಲು ಅವನಿಗೆ ಗೊತ್ತಿದ್ದ ದಾರಿ ಒಂದೇ, ದನಿ ಏರಿಸುವುದು.

"ಏನ ಬೇ ಇದು, ದನಾಕ್ಕ ಹಾಕೂ ಕಷಾಯಾ? ಪೊಲೀಸರ ಚಹಾಕ್ಕ ಒಂದ ಚಮಚಾ ಸಕ್ಕರಿ ಹಾಕಾಕ ಕೈ ಬರೂದಿಲ್ಲೇನ ನಿನಗ?"

ಎಂದವನೇ ಕಪ್ಪನ್ನು ಅವಳ ಕಾಲ ಹತ್ತಿರ ಚೆಲ್ಲಿದ. ಹೂ ಬಿಡಿಸುತ್ತಿದ್ದ ಎಂಟು ಹೆಂಗಸರು ತಲೆ ಎತ್ತಿ ನೋಡಿದರು. ಅಕ್ಕುತಾಯಿ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಹೋದಳು. ಕಾಲು ತಾಸಿಗೆ ಎರಡನೇ ಚಹಾ ಬಂತು. ಪಾಕದ ಹಾಗೆ ಸಿಹಿಯಾಗಿತ್ತು. ಅವನು ಎಲ್ಲರೂ ನೋಡಲೆಂದು ಸದ್ದು ಮಾಡಿ ಕುಡಿದ.

ಆ ಸಕ್ಕರೆ ಎಲ್ಲಿಂದ ಬಂತು? ತೋಟದಲ್ಲಿ ಸಕ್ಕರೆ ಇದ್ದದ್ದು ಒಂದೇ ಬರಣಿಯಲ್ಲಿ. ಆ ಚಹಾ ಯಾವುದರಲ್ಲಿ ಕಾಯಿತು? ಕರೆಂಟಿನ ಕೆಟಲಿನಲ್ಲಿ. ಆ ಕೋಣೆಯಲ್ಲಿ ಪ್ಲಗ್ಗಿನ ಜಾಗ ಒಂದೇ, ಅದರಲ್ಲಿ ಇದ್ದದ್ದು ಫ್ರಿಜ್ಜು. ಬರಣಿ ಖಾಲಿಯಾದದ್ದಕ್ಕೆ ಹೆದರಿ, ಸಿಹಿ ಸಿಹಿಯೇ ಅಲ್ಲವೇ ಎಂದುಕೊಂಡು, ಕೈಗೆ ಸಿಕ್ಕ ಪುಡಿ ತುಂಬಿಟ್ಟಿದ್ದಾಳೆ ಪಾಪ. ಮಾಳೇಶ ಲೆಕ್ಕ ಹಾಕಿದ್ದು ಹೀಗೆ. ಹತ್ತು ಮಂದಿ ಪೇದೆಗಳ ನಡುವೆ ನಿಲ್ಲಿಸಿ ಕೇಳಿದಾಗಲೂ 'ನಿಮ್ಮ ಚಹಾಕ್ಕ' ಎಂಬ ಮಾತನ್ನು ಅವಳು ನುಂಗಿಕೊಂಡಿದ್ದಳು. ಅವನ ಮಾನ ಉಳಿಸಿದ್ದಳು! ಅವನು ಅವಳ ಮಾನವನ್ನು ಊರ ಬೀದಿಯಲ್ಲಿ ನಡೆಸಿಕೊಂಡು ಹೋಗಿದ್ದ.

ಫೋನು ಹೊಡೆದುಕೊಂಡಿತು. ಬಾಪುಸಾಹೇಬರು.

"ಸಹಿ ಆತೇನ್ರಿ ಸಾಹೇಬ್ರ?"

"ಆಗಿಲ್ರಿ."

"ಯಾಕ್ರಿ? ಗಂಡ ಗಿಡಾ ಬೇರ ಕೊಳತ ಒಣಗೇತಿ, ಇದ್ದ ಆರ ಸೀಸೆ ಪರಾಗನೂ ಹೋತು. ಮೂರ ವರ್ಷದ ಕೆಲಸ! ಆಕಿನ್ನ ಸುಮ್ನ ಬಿಡೂದೇನು?"

"ಪರಾಗ ಸತ್ತಿಲ್ರಿ," ಎಂದ ಮಾಳೇಶ. "ಮನಿಷಾನ್ನ ಕೇಳ್ರಿ. ಇನ್ನೂ ನಾಕ ದಿನಾ ಹೂ ಅದಾವಂತ, ಪರಾಗ ಹಚ್ಚೂ ಕೆಲಸ ಚಾಲೂ ಮಾಡಸ್ರಿ." ಆ ಕಡೆಯಿಂದ ಬರುವ ಮಾತಿಗೆ ಕಾಯದೆ ಫೋನು ಇಟ್ಟ.

ಕರೋಶಿ ಬಸ್‌ಸ್ಟ್ಯಾಂಡು ದಾಟುವಾಗ ಚಹಾದಂಗಡಿಯ ಮುಂದೆ ಕುಳಿತವರು ಸಲಾಂ ಹೊಡೆದರು. ಅವನಿಗೆ ಎದುರು ನೋಡಲು ಆಗಲಿಲ್ಲ. ಅವತ್ತು ಇದೇ ಸಲಾಮಿಗೆ ಎದೆ ಉಬ್ಬಿತ್ತು. ನೆಲ ಬಾಯಿಬಿಟ್ಟಿದ್ದರೆ ಜೀಪಿನ ಸಮೇತ ಒಳಗೆ ಹೋಗಿಬಿಡುತ್ತಿದ್ದ.

ಅಕ್ಕುತಾಯಿಯ ಮನೆ ಓಣಿಯ ಕೊನೆಗೆ. ಜೀಪು ನಿಂತದ್ದೇ ತಡ, ಅಕ್ಕಪಕ್ಕದ ಬಾಗಿಲುಗಳಲ್ಲಿ ಮುಖಗಳು ಮೂಡಿದವು. ಹೊಸ್ತಿಲಿಗೆ ಅಡ್ಡ ನಿಂತವಳು ಮಗಳು ನೀಲಮ, ನಿಪ್ಪಾಣಿಯ ಒಂದು ಆಸ್ಪತ್ರೆಯಲ್ಲಿ ನರ್ಸು.

"ಮತ್ತ್ಯಾಕ ಬಂದ್ರಿ? ಇನ್ನೊಂದ ವಿಡಿಯೋ ಬೇಕಾಗೇತೇನ್ರಿ?"

ಮಾಳೇಶ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ನಿಮ್ಮವ್ವನ ಮುಂದ ಎರಡ ಮಾತ ಆಡೂದೈತಿ."

"ನನ್ನ ಮುಂದನ ಆಡ್ರಿ. ವಾರ್ಡಿನ್ಯಾಗ ಒಬ್ಬ ಪೇಶಂಟು ನನಗ ಆ ವಿಡಿಯೋ ತೋರಿಸಿದ್ರಿ. ನಿಮ್ಮೂರಾಕಿ ಅಲ್ಲೇನ್ರಿ ಸಿಸ್ಟರ್, ಈ ಕಳ್ಳಿ ಯಾರು, ಅಂತ ಕೇಳಿದ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನನಗ ಗೊತ್ತಿಲ್ಲ ಅಂದ್ನಿ. ನಮ್ಮವ್ವನ್ನ ಗೊತ್ತಿಲ್ಲ ಅಂದ್ನಿ ನಾನು! ಅದನ್ನ ಯಾರ ಚಾರ್ಜ್‌ಶೀಟಿನ್ಯಾಗ ಬರಿತೀರಿ?"

ಮಾಳೇಶ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಬಾಗಲಾ ಬಿಡ ನೀಲಾ," ಎಂದು ಒಳಗಿನಿಂದ ದನಿ ಬಂತು. "ಮನಿಗೆ ಬಂದವ್ರನ್ನ ನಿಂದ್ರಸಬಾರ್ದು."

ನೀಲಿ ಗೋಡೆ, ಅದರ ಮೇಲೆ ಬುದ್ಧನ ಪಟ. ಅಕ್ಕುತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಅವನನ್ನು ನೋಡಿ ಎದ್ದಳು. ಸೆರಗು ಸರಿ ಮಾಡಿಕೊಂಡು, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಒರೆಸಿ ಮುಂದಿಟ್ಟಳು.

"ಚಹಾ ಮಾಡ್ಲೇನ್ರಿ ಸಾಹೇಬ್ರ? ಸಕ್ಕರಿ ಐತಿ."

ಅವಳು ಚುಚ್ಚಬೇಕೆಂದು ಹೇಳಿದ್ದಲ್ಲ. ಬಂದವರನ್ನು ಕೇಳುವ ರೀತಿಯಲ್ಲೇ ಕೇಳಿದ್ದಳು. ಅದಕ್ಕೇ ಮಾಳೇಶನಿಗೆ ತಡೆಯಲಾಗಲಿಲ್ಲ. ಕುರ್ಚಿಯಲ್ಲಿ ಕುಳಿತುಕೊಳ್ಳಲಿಲ್ಲ.

"ಬ್ಯಾಡ ಅಕ್ಕುತಾಯಿ. ನನಗ ಸಕ್ಕರಿ ರೋಗ ಐತಿ."

ಬಾಗಿಲಲ್ಲಿ ಓಣಿಯ ಜನ ನಿಂತಿದ್ದರು. ಕೇಳಲಿ ಎಂದೇ ಅವನು ದನಿ ತಗ್ಗಿಸಲಿಲ್ಲ.

"ಎರಡ ವರ್ಷ ಆತು. ಮನ್ಯಾಗ ಹೇಳಿಲ್ಲ. ಆವತ್ತ ನೀವು ಸಕ್ಕರಿ ಇಲ್ದ ಚಹಾ ಕೊಟ್ರಿ, ಮಂದಿಗೆ ಗೊತ್ತಾಗ್ತೈತಿ ಅಂತ ಹೆದರಿ ನಿಮ್ಮ ಮ್ಯಾಲ ಹಾರಾಡಿದ್ನಿ. ನನ್ನ ಚಹಾಕ್ಕನ ನೀವು ಪ್ಲಗ್ಗ ತಗದ್ರಿ. ನನ್ನ ಚಹಾಕ್ಕನ ಬರಣಿ ಸಕ್ಕರಿ ತಗದ್ರಿ. ಪರಾಗ ಸತ್ತಿಲ್ಲ, ಇವತ್ತ ನನ್ನ ಕಣ್ಣಲೆ ನೋಡಿ ಬಂದೀನಿ. ನೀವು ಏನೂ ತಪ್ಪ ಮಾಡಿಲ್ಲ. ತಪ್ಪೆಲ್ಲಾ ನಂದು. ಆ ಬಸ್‌ಸ್ಟ್ಯಾಂಡಿನ್ಯಾಗ ನಿಂತು ನಾಕ ಮಂದಿ ಮುಂದ ಹೇಳತೇನಿ. ಬೇಕಾದ್ರ ವಿಡಿಯೋ ಮಾಡ್ಲಿ."

ನೀಲಮ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡಳು.

ಅಕ್ಕುತಾಯಿ ಖಾಲಿ ಕುರ್ಚಿಯನ್ನು ಅವನ ಹತ್ತಿರಕ್ಕೆ ಸರಿಸಿದಳು. "ಇಷ್ಟ ಸಣ್ಣ ವಯಸ್ಸಿಗೆ ಬಂತೇನ್ರಿ?" ಎಂದಳು. ಅವಳ ಬಾಯಿಂದ ಮೊದಲು ಬಂದದ್ದು ಅದು. ಬೈದಿದ್ದರೆ ಮಾಳೇಶನಿಗೆ ಹಗುರವಾಗುತ್ತಿತ್ತು.

"ನಿಮ್ಮ ಮ್ಯಾಲ ಕೇಸ ಇರೂದಿಲ್ಲ," ಎಂದ. "ಒಂದ ಮಾತ ಬರಕೊಂಡ ಹೋಗ್ತೀನಿ. ಬರಣಿ ಖಾಲಿ ಆತಂತ ಹೆದರಿ ನೀವು ಅದ್ರಾಗ ಬಿಳಿ ಪುಡಿ ತುಂಬಿದ್ರಲ್ಲ, ಅದು ಎಲ್ಲಿತ್ತು? ಅದೂ ತಪ್ಪಲ್ಲ. ತಿಳೀದ ಆಗಿದ್ದು."

ಅಕ್ಕುತಾಯಿ ಹುಬ್ಬು ಗಂಟಿಕ್ಕಿದಳು.

"ಯಾವ ಪುಡಿರಿ?"

"ಬರಣ್ಯಾಗಿಂದು."

"ನಾ ಏನೂ ತುಂಬಿಲ್ರಿ. ಸಕ್ಕರಿ ತಗೊಂಡದ್ದ ಖರೇ. ತಳಕ್ಕ ಇದ್ದದ್ದೆಲ್ಲಾ ನಿಮ್ಮ ಚಹಾಕ್ಕ ಹೋತು. ಬರಣಿ ತೊಳದು, ಸೆರಗಿಲೆ ಒರಸಿ, ಕಿಡಕ್ಯಾಗ ಡಬ್ಬ ಹಾಕಿದ್ನಿ. ಮನಿಷಾ ಅಕ್ಕಾರಿಗೆ ಹೇಳಬೇಕಂದ್ರ ಅವ್ರು ಚಿಕ್ಕೋಡಿಗೆ ಹೋಗಿದ್ರು."

"ಮತ್ತ ಯಾರಿಗೂ ಹೇಳಲಿಲ್ಲೇನು?"

"ಹೇಳಿದ್ನಲ್ರಿ. ನಿಮ್ಮ ಜೀಪಿನ್ಯಾಗ ಬಂದಿದ್ರಲ್ಲ ಹಿರ್ಯಾರು, ಅವ್ರಿಗೆ. ಕೋಣ್ಯಾಗ ಸೀಸೆ ನೋಡ್ಕೋತ ನಿಂತಿದ್ರು. ಸಕ್ಕರಿ ತೀರೇತಿ, ಅಕ್ಕಾರ ಬಂದ್ರ ಹೇಳ್ರಿ ಅಂದ್ನಿ. 'ನೀ ಹೂ ಬಿಡಸಾಕ ಹೋಗವ್ವಾ, ಕಾಳಜಿ ಮಾಡಬ್ಯಾಡ, ನಾ ನೋಡ್ಕೋತೀನಿ' ಅಂದ್ರು. ಭಾಳ ಸಮಾಧಾನದ ಮನಷ್ಯಾ."

ತೋಟದಲ್ಲಿ ಒಂದು ಚಿಟಿಕೆಯೂ ಇಲ್ಲದ ಬಿಳಿ ಪುಡಿ. ಆಸ್ಥೆಯಿಂದ ಪ್ರಶ್ನೆ ಕೇಳಿದ ಹಿರಿಯ. ಆ ಎರಡು ಮಾತು ಈಗ ತಲೆಗೆ ಹೋದವು. ಆ ರುಚಿ ಎಲ್ಲಿ ನೆಕ್ಕಿದ್ದೆ ಎಂಬುದೂ ನೆನಪಾಯಿತು. ಮುಗಳಖೋಡ, ಮಾಮಾನ ಹೆಂಡತಿ ಹೊಳೆವ್ವಕ್ಕನ ಅಡುಗೆಮನೆ. ಹಾಲಸಿದ್ದ ಮಾಮಾ ಹೊಸ ಡಬ್ಬಿಯೊಂದರ ಮುಚ್ಚಳ ತೆಗೆದು, "ನೆಕ್ಕ ನೋಡೋ, ಕಲಬೆರಕಿ ಇಲ್ಲದ್ದು. ಸಕ್ಕರಿ ಬಿಡು, ಇದನ್ನ ಹಾಕ್ಕೋ, ಯಾರಿಗೂ ಗೊತ್ತಾಗೂದಿಲ್ಲ," ಎಂದಿದ್ದ. ಅಂಥದ್ದೇ ಇನ್ನೊಂದು ಡಬ್ಬಿಯನ್ನು ತನ್ನ ಕೈಯಾರೆ ಜೀಪಿನ ಗೂಡಿನಲ್ಲಿ ಇಟ್ಟಿದ್ದ.

ಮಾಳೇಶ ಓಣಿಗೆ ಬಂದ. ಜನ ದಾರಿ ಬಿಟ್ಟರು. ಅಕ್ಕುತಾಯಿಯೂ ಹಿಂದೆಯೇ ಬಂದಳು.

ಡಬ್ಬಿ ಕೈಗೆ ಎತ್ತಿದಕೂಡಲೇ ಗೊತ್ತಾಯಿತು. ಅದರಲ್ಲಿ ಭಾರವಿರಲಿಲ್ಲ. ಮುಚ್ಚಳದ ಒಳಗಿನ ಕಾಗದದ ಮುದ್ರೆ ಹರಿದಿತ್ತು. ತಳದ ಅಂಚಿಗೆ ಬಿಳಿ ಪುಡಿ ಸ್ವಲ್ಪ ಅಂಟಿಕೊಂಡಿತ್ತು. ಬೆರಳಿಗೆ ಹಚ್ಚಿ ನೆಕ್ಕಿದ. ಸಿಹಿ, ಇನ್ನೂ ಸಿಹಿ, ಆಮೇಲೆ ನಾಲಿಗೆಯ ಬುಡದಲ್ಲಿ ಕಹಿ.

ಮಾಳೇಶ ಎಂಟು ವರ್ಷ ಉಂಡು ಓದಿದ್ದು ಹಾಲಸಿದ್ದನ ಮನೆಯಲ್ಲಿ. ಪೊಲೀಸ್ ಪರೀಕ್ಷೆಯ ದಿನ ಸೈಕಲ್ಲಿನ ಮೇಲೆ ಕೂರಿಸಿಕೊಂಡು ರಾಯಬಾಗ ರೈಲು ಸ್ಟೇಷನ್ನಿಗೆ ಬಿಟ್ಟು ಬಂದದ್ದು ಅವನೇ. ಎರಡು ವರ್ಷದ ಹಿಂದೆ ಡಾಕ್ಟರ ಚೀಟಿ ನೋಡಿ ಮಾಳೇಶ ಅತ್ತಾಗ ಹೆಗಲ ಮೇಲೆ ಕೈ ಇಟ್ಟದ್ದೂ ಅವನೇ. ಬಾಪುಸಾಹೇಬರ ಬೀಜ ಮೊಳೆತರೆ ಕಡ್ಡಿಸಸಿ ಕೇಳುವವರು ಯಾರೂ ಇರುವುದಿಲ್ಲ ಎಂಬುದು ಮಾಳೇಶನಿಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮನೆಯವರ ಮೇಲೆ ಅನುಮಾನ ಪಡುವುದು ಅವನಿಗೆ ಗೊತ್ತಿರಲಿಲ್ಲ, ಓಣಿಯ ಕೊನೆಯ ಮನೆಯವರ ಮೇಲೆ ಪಡುವುದು ಗೊತ್ತಿತ್ತು.

ಫೋನು ಮತ್ತೆ ಹೊಡೆದುಕೊಂಡಿತು. ತೆರೆಯ ಮೇಲೆ 'ಮಾಮಾ' ಎಂದಿತ್ತು. ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ಸ್ಪೀಕರು ಒತ್ತಿದ. ಯಾಕೆ ಒತ್ತಿದನೋ ಅವನಿಗೇ ತಿಳಿಯಲಿಲ್ಲ. ಮುಚ್ಚಿಡುವುದು ಅವನಿಗೆ ಸಾಕಾಗಿ ಹೋಗಿತ್ತು.

"ಉಂಡೇನೋ ಮಾಳೂ?" ಎಂದಿತು ಅದೇ ಪ್ರೀತಿಯ ದನಿ. "ಗುಳಗಿ ತಗೊಂಡೇನು? ಮತ್ತ ಆ ಕರೋಶಿ ಕೇಸಿನ ಕಾಗದಾ ಇವತ್ತ ಸಹಿ ಆಗಬೇಕಂತಲ್ಲ, ಮಾಡಿದೇನಪಾ?"

ಸಹಿಯ ವಿಷಯವನ್ನು ಮಾಳೇಶ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ; ಮಾಮಾ ಠಾಣೆಯವರನ್ನೇ ವಿಚಾರಿಸಿಕೊಂಡಿರಬೇಕು.

"ಮಾಳೂ? ಕೇಳಸ್ತೈತೇನೋ?"

ಮಾಳೇಶ ಫೋನು ಕಟ್ ಮಾಡಿದ. ಓಣಿಯಲ್ಲಿ ನಿಂತವರೆಲ್ಲ ಕೇಳಿಸಿಕೊಂಡಿದ್ದರು. ಅಕ್ಕುತಾಯಿ ಒಂದು ಹೆಜ್ಜೆ ಮುಂದೆ ಬಂದಳು. ಇವತ್ತೂ ಅವಳ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

"ಅದ ದನಿರಿ," ಎಂದಳು ಮೆಲ್ಲಗೆ. "ನಿಮ್ಮವ್ರೇನ್ರಿ?"

ಮಾಳೇಶ ಹೌದೆಂದು ತಲೆ ಆಡಿಸಿದ.

ಅಕ್ಕುತಾಯಿ ಬಸ್‌ಸ್ಟ್ಯಾಂಡಿನ ಕಡೆಗೆ ಹೋಗುವ ದಾರಿಯನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಹಂಗಾರ ಅವ್ರನ್ನೂ ನಡಿಸ್ಕೊಂಡ ಒಯ್ತೀರೋ, ಜೀಪಿನ್ಯಾಗ ಕುಂಡ್ರಿಸಿಕೊಂಡ ಒಯ್ತೀರೋ, ಸಾಹೇಬ್ರ?"